ಉದುರಿದ ಕಾಯಿಯನ್ನು ಮೊದಲು ಎಣಿಸೋಣ

ಕಳೆದ ಬೇಸಗೆಯ ಒಂದು ಸಂಜೆ ದಾವಣಗೆರೆಯಿಂದ ಹರಿಹರಕ್ಕೆ ಹೋಗುತ್ತಿದ್ದ ಬಸ್ಸಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಪಕ್ಕದಲ್ಲಿ ಬಂದು ಕುಳಿತರು. ಅವರ ಟವೆಲಿನ ಗಂಟಿನಲ್ಲಿ ತೋಟದಲ್ಲಿ ಉದುರಿದ ಅಡಿಕೆಯ ಹರಳುಗಳೂ, ಕೈಚೀಲದಲ್ಲಿ ಆಗತಾನೆ ಕೊಂಡುತಂದ ಔಷಧದ ಬಾಟಲಿಯೊಂದೂ ಇದ್ದುವು. “ಮೇಷ್ಟ್ರೆ, ಇದರ ಮೇಲೆ ಏನು ಬರ್ದಾರೆ, ಒಂದಿಷ್ಟು ಓದಿ ಹೇಳ್ರಿ” ಎಂದರು. ಓದಿದೆ. ಅದು ಸಸ್ಯಗಳ ಬೆಳವಣಿಗೆಯನ್ನು ನಿಯಂತ್ರಿಸುವ ಒಂದು ಹಾರ್ಮೋನು. ಯಾವ ಯಾವ ಬೆಳೆಗೆ ಎಷ್ಟೆಷ್ಟು ಎಂಬ ಪಟ್ಟಿಯೂ ಇತ್ತು. ಆ ಪಟ್ಟಿಯಲ್ಲಿ ಅಡಿಕೆಯ ಹೆಸರು ಮಾತ್ರ ಇರಲಿಲ್ಲ. “ಕೊಟ್ಟವರು ಈ ಹರಳನ್ನು ನೋಡಿದರೆ?” ಎಂದು ಕೇಳಿದೆ. “ಎಲ್ಲಿ ನೋಡ್ತಾರೆ! ಗಂಟು ಬಿಚ್ಚೋಕೆ ಮೊದ್ಲೇ ಬಾಟ್ಲಿ ಕೈಗಿಟ್ರು. ಆದ್ರೆ ಮೇಷ್ಟ್ರೆ, ಹೋದ ವರ್ಷನೂ ಇದನ್ನೇ ಹೊಡ್ಸಿದ್ದೆ. ಹದಿನೈದು ದಿನದಾಗೆ ಉದುರೋದು ನಿಂತಿತ್ತು” ಎಂದರು.

ನಾನು ಭೌತಶಾಸ್ತ್ರವನ್ನು ಬೋಧಿಸುವವನು, ತೋಟಗಾರಿಕೆಯ ಪಂಡಿತನಲ್ಲ. ಆದರೂ ಈ ವಿಷಯವನ್ನು ಕುರಿತು ಬರೆಯುವ ಧೈರ್ಯ ಮಾಡಿರುವುದಕ್ಕೆ ಕಾರಣವುಂಟು. ಆ ಹಿರಿಯರ ಮಾತಿನಲ್ಲಿದ್ದ ದೋಷ ಕೃಷಿಯ ದೋಷವಲ್ಲ, ತರ್ಕದ ದೋಷ. ಬಾಟಲಿಯನ್ನು ಕೊಟ್ಟವರ ದೋಷವೂ ಅದೇ. ಕಾಯಿ ಏಕೆ ಉದುರಿತೆಂದು ಕೇಳದೆ ಮದ್ದು ಕೊಟ್ಟರು. ಮದ್ದು ಹಾಕದಿದ್ದರೆ ಏನಾಗುತ್ತಿತ್ತೆಂದು ಕೇಳದೆ ಇವರು ಕೊಂಡರು. ಈ ಎರಡು ಪ್ರಶ್ನೆಗಳನ್ನು ಕೇಳುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಎಣಿಸಬಲ್ಲ ಕೈಯೂ, ಅಳೆಯಬಲ್ಲ ಕಣ್ಣೂ ಇದ್ದರೆ ಸಾಕು. ಅವು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟಿವೆ ಎಂಬುದೇ ಈ ಲೇಖನದ ಸಾರಾಂಶ.

ಮೊದಲು ಕಾಯಿ ಉದುರುವ ಬಗೆಯನ್ನು ನೋಡೋಣ. ಮಾಗಿದ ಕಾಯಿ ತನ್ನ ಭಾರದಿಂದ ಕಳಚಿ ಬೀಳುತ್ತದೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಹಾಗಾದರೆ ಕಡಲೆಕಾಳಿನಷ್ಟಿರುವ ಮಿಡಿ ಏಕೆ ಬೀಳಬೇಕು? ನಿಜಸಂಗತಿ ಏನೆಂದರೆ, ಕಾಯಿಯನ್ನು ಮರವೇ ಕಳಚುತ್ತದೆ. ತೊಟ್ಟಿನ ಬುಡದಲ್ಲಿ ತೆಳುವಾದ ಕೋಶಗಳ ಒಂದು ಪದರವಿರುತ್ತದೆ. ಬೆಳೆಯುತ್ತಿರುವ ಬೀಜದಿಂದ ಆಕ್ಸಿನ್ ಎಂಬ ಹಾರ್ಮೋನು ತೊಟ್ಟಿನ ಮೂಲಕ ಹರಿದುಬರುತ್ತಿರುವ ತನಕ ಆ ಪದರ ಗಟ್ಟಿಯಾಗಿರುತ್ತದೆ. ಹರಿವು ಕುಗ್ಗಿದರೆ, ಎಥಿಲೀನ್ ಎಂಬ ಅನಿಲದ ಪ್ರಭಾವ ಮೇಲಾಗಿ, ಕೋಶಗಳನ್ನು ಒಂದಕ್ಕೊಂದು ಅಂಟಿಸಿದ್ದ ವಸ್ತು ಕರಗುತ್ತದೆ, ತೊಟ್ಟು ಸಡಿಲವಾಗುತ್ತದೆ. ಆಮೇಲೆ ಎಲೆಯ ಅಲುಗಾಟವೂ ಸಾಕು, ಕಾಯಿ ಬೀಳುತ್ತದೆ. ಬೀಜ ಕಟ್ಟದ ಮಿಡಿ, ಆಹಾರ ಸಾಲದ ಮಿಡಿ, ರೋಗ ತಗಲಿದ ಮಿಡಿ ಹೀಗೆಯೇ ಬೀಳುವುವು.

ಇದು ಮರಕ್ಕೆ ಬಂದ ಕೇಡೆ? ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಮಾವಿನ ಮರವೊಂದರಲ್ಲಿ ಸಾವಿರ ಹೂಗೊಂಚಲು, ಗೊಂಚಲೊಂದಕ್ಕೆ ಸಾವಿರ ಹೂ ಎಂದು ಹಿಡಿಯೋಣ, ಇದು ಅತಿಶಯವಲ್ಲ. ಹತ್ತು ಲಕ್ಷ ಹೂಗಳಾದುವು. ಎಲ್ಲವೂ ಕಾಲು ಕಿಲೋಗ್ರಾಮಿನ ಹಣ್ಣಾದರೆ ಒಂದು ಮರದ ಕೊಂಬೆಗಳು 250 ಟನ್ನು ಭಾರವನ್ನು ಹೊರಬೇಕು. ಹತ್ತು ಟನ್ನು ಹೊರುವ ಲಾರಿಗಳು ಇಪ್ಪತ್ತೈದು ಬೇಕು. ಸಾವಿರಕ್ಕೆ ಒಂದು ಉಳಿದರೂ ಸಾವಿರ ಹಣ್ಣು. ಯಜಮಾನನು ಸಂತೋಷಪಡುವಷ್ಟು ಫಸಲು. ಹಾಗೆಂದಮೇಲೆ ಹೂವು ಮಿಡಿಗಳಲ್ಲಿ ಬಹುಪಾಲು ಉದುರಲೇಬೇಕು. ಎಲೆಗಳು ತಯಾರಿಸುವ ಸಕ್ಕರೆಗೆ ಮಿತಿಯುಂಟು. ಮರ ಆ ಆದಾಯಕ್ಕೆ ತಕ್ಕಂತೆ ತನ್ನ ಸಂಸಾರವನ್ನು ಇಟ್ಟುಕೊಳ್ಳುತ್ತದೆ. ಅಡಿಕೆಯ ಸಿಂಗಾರದಲ್ಲಿ ನೂರಾರು ಹೆಣ್ಣು ಹೂಗಳಿದ್ದು ಗೊನೆಗೆ ಅವುಗಳಲ್ಲಿ ಒಂದು ಪಾಲು ಮಾತ್ರ ನಿಲ್ಲುವುದೂ ಇದೇ ನ್ಯಾಯದಿಂದ.

ಈ ಸ್ವಾಭಾವಿಕ ಉದುರಿಗೆ ಇನ್ನೊಂದು ಲಕ್ಷಣವಿದೆ. ನನ್ನ ವಾದಕ್ಕೆ ಅದೇ ಮುಖ್ಯ. ಮಿಡಿ ಕಟ್ಟಿದ ಮೊದಲ ಕೆಲವು ವಾರಗಳಲ್ಲಿ ಅದು ಹೆಚ್ಚು. ಬಳಿಕ ತಾನಾಗಿಯೇ ಇಳಿಯುತ್ತದೆ. ಉಳಿಯತಕ್ಕವು ಉಳಿದ ಮೇಲೆ ಉದುರುವುದಕ್ಕೆ ಮಿಡಿಯಾದರೂ ಎಲ್ಲಿದೆ? ರೈತ ಗಾಬರಿಯಾಗುವುದು ಯಾವಾಗ? ನೆಲದ ಮೇಲೆ ಮಿಡಿಗಳು ಚಾಪೆ ಹಾಸಿದಂತೆ ಬಿದ್ದಾಗ, ಅಂದರೆ ಉದುರು ತುತ್ತತುದಿಗೆ ಏರಿದಾಗ. ಆಗ ಅಂಗಡಿಗೆ ಹೋಗುತ್ತಾನೆ, ಮದ್ದು ತರುತ್ತಾನೆ, ಹೊಡೆಸುತ್ತಾನೆ. ಎರಡು ವಾರದಲ್ಲಿ ಉದುರು ನಿಲ್ಲುತ್ತದೆ. ಬಾಟಲಿಯಲ್ಲಿ ಔಷಧದ ಬದಲು ತುಂಗಭದ್ರೆಯ ನೀರನ್ನು ತುಂಬಿಕೊಟ್ಟಿದ್ದರೂ ಎರಡು ವಾರದಲ್ಲಿ ಅದು ನಿಲ್ಲುತ್ತಿತ್ತೋ ಏನೋ! ಕೀರ್ತಿ ಮಾತ್ರ ಬಾಟಲಿಗೆ. ನನ್ನ ವಿದ್ಯಾರ್ಥಿಯ ತಂದೆ ಹೇಳಿದ ಹದಿನೈದು ದಿನಗಳ ಕಥೆ ಇದೇ ಆಗಿರಬಹುದು. ಆಗಿರಲಾರದೆಂದು ಹೇಳಲು ಅವರ ಬಳಿ ಆಧಾರವಿಲ್ಲ. ಮದ್ದು ಹೊಡೆಯದೆ ಬಿಟ್ಟ ನಾಲ್ಕು ಮರಗಳು ಅವರ ತೋಟದಲ್ಲಿ ಇರಲಿಲ್ಲವಷ್ಟೆ.

ಹಾರ್ಮೋನುಗಳೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. 1939ರಲ್ಲಿ ಅಮೆರಿಕದ ಗಾರ್ಡ್ನರ್, ಮಾರ್ಥ್ ಮತ್ತು ಬ್ಯಾಟ್ಜರ್ ಎಂಬ ವಿಜ್ಞಾನಿಗಳು, ಕೊಯ್ಲಿಗೆ ಮುಂಚೆ ಉದುರುವ ಸೇಬುಗಳನ್ನು ನ್ಯಾಫ್ತಲೀನ್ ಅಸಿಟಿಕ್ ಆಮ್ಲದ ಬಹು ತೆಳುವಾದ ದ್ರಾವಣ ತಡೆದು ನಿಲ್ಲಿಸಬಲ್ಲುದೆಂದು ತೋರಿಸಿಕೊಟ್ಟರು. ಅದು ನಿಜವಾದ ಸಾಧನೆ. ಆದರೆ ಎರಡೇ ವರ್ಷಗಳಲ್ಲಿ, 1941ರಲ್ಲಿ, ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಅದೇ ವಸ್ತುವನ್ನು ಹೂವರಳಿದ ಹೊಸದರಲ್ಲಿ ಸಿಂಪಡಿಸಿದರೆ ಮಿಡಿಗಳು ನಿಲ್ಲುವುದರ ಬದಲು ಉದುರುತ್ತವೆ! ಇಂದು ಸೇಬಿನ ತೋಟಗಳಲ್ಲಿ ಅದನ್ನು ಎರಡು ಕೆಲಸಕ್ಕೂ ಬಳಸುತ್ತಾರೆ. ಕಾಯಿ ಎಳೆಯದಿದ್ದಾಗ ಹೆಚ್ಚಿನವನ್ನು ಉದುರಿಸಲು, ಬಲಿತಾಗ ಉಳಿದವನ್ನು ನಿಲ್ಲಿಸಲು. ವಸ್ತು ಒಂದೇ; ಕಾಲವೂ ಪ್ರಮಾಣವೂ ಬೇರೆಯಾದರೆ ಫಲ ತದ್ವಿರುದ್ಧ. ಇಂಥದನ್ನು ಗಂಟು ಬಿಚ್ಚುವುದಕ್ಕೆ ಮೊದಲೇ ಕೈಗಿಡುವುದು ಎಷ್ಟು ಸರಿ? ಕಾಯಿಯನ್ನು ಉಳಿಸಲೆಂದು ತಂದ ಹಣ ಕಾಯಿಯನ್ನು ಉದುರಿಸುವುದಕ್ಕೂ ವೆಚ್ಚವಾಗಬಹುದು.

ಇನ್ನು ಸ್ವಾಭಾವಿಕವಲ್ಲದ ಉದುರುಗಳಿವೆ. ಅವುಗಳ ಕಾರಣ ಊರೂರಿಗೆ ಬೇರೆ. ಇದಕ್ಕೆ ನಮ್ಮ ನದಿಯೇ ಸಾಕ್ಷಿ. ತುಂಗೆ ಭದ್ರೆಯರು ಮಲೆನಾಡಿನಲ್ಲಿ ಹುಟ್ಟಿ, ಕೂಡಲಿಯಲ್ಲಿ ಒಂದಾಗಿ, ಹರಿಹರದ ಪಕ್ಕದಲ್ಲಿ ಬಯಲಿಗೆ ಹರಿಯುತ್ತವೆ. ಮೇಲೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ. ಇಲ್ಲಿ ದಾವಣಗೆರೆಯಲ್ಲಿ ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ಅಡಿಕೆ ಎರಡು ಕಡೆಯೂ ಉಂಟು, ಉದುರು ಎರಡು ಕಡೆಯೂ ಉಂಟು. ಕಾರಣ ಮಾತ್ರ ಒಂದೇ ಅಲ್ಲ.

ಮಲೆನಾಡಿನಲ್ಲಿ ಮಳೆಗಾಲದ ಉದುರಿಗೆ ಮುಖ್ಯ ಕಾರಣ ಕೊಳೆರೋಗ. ಒಂದು ಕಾಲದಲ್ಲಿ ಅದರ ಮುಂದೆ ರೈತರಿಗಿದ್ದ ಉಪಾಯವೆಂದರೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯ ನೀರು ತಗಲದಂತೆ ಮಾಡುವುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಮೊದಲು ಮಾಡಿದ ಕೆಲಸ ಮದ್ದು ಹೊಡೆಯುವುದಲ್ಲ. ಉದುರಿದ ಕಾಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. ಫೈಟೊಫ್ತೊರ ಜಾತಿಯ ಜೀವಿಯೊಂದು ಅಪರಾಧಿಯೆಂದು ಗುರುತಿಸಿ 1910ರಲ್ಲಿ ಪ್ರಕಟಿಸಿದರು. ಅಪರಾಧಿ ಸಿಕ್ಕಿದ ಮೇಲೆ ಮದ್ದು ಕಠಿಣವಾಗಲಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ 1880ರ ದಶಕದಲ್ಲಿ ಮಿಲಾರ್ದೆ ಕೊಟ್ಟಿದ್ದ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಇಲ್ಲಿಗೂ ಒದಗಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆ ಹಿಡಿಯುವ ಮುನ್ನ ಒಂದು ಸಲ, ಸುಮಾರು ನಲವತ್ತು ದಿನ ಕಳೆದು ಇನ್ನೊಂದು ಸಲ. ನೂರು ವರ್ಷ ದಾಟಿದರೂ ಈ ಕ್ರಮ ಇಂದಿಗೂ ನಡೆದಿದೆ. ಕಾರಣವನ್ನು ಹುಡುಕಿ ಕಂಡ ಮದ್ದಿನ ಆಯುಸ್ಸು ಹಾಗೆ!

ಆದರೆ ಇದೇ ದ್ರಾವಣವನ್ನು ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಬಯಲಿನ ತೋಟಕ್ಕೆ ಹೊಡೆದರೆ ಏನು ಪ್ರಯೋಜನ? ಇಲ್ಲಿಯ ಬೇಸಗೆಯ ಉದುರಿಗೆ ಮುಖ್ಯವಾಗಿ ಕಾಯಿಯ ಬಾಯಾರಿಕೆಯನ್ನು ಶಂಕಿಸಬೇಕು. ಇದು ನನ್ನ ಶಾಸ್ತ್ರದ ಎಲ್ಲೆಯೊಳಗಿನ ಸಂಗತಿ; ಸ್ವಲ್ಪ ವಿವರಿಸುತ್ತೇನೆ. ಒಂದು ಘನ ಮೀಟರು ಗಾಳಿ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು 22 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. 38 ಡಿಗ್ರಿಯಲ್ಲಿ ಸುಮಾರು 46 ಗ್ರಾಂ. ಮುಂಜಾನೆಯ ಗಾಳಿಯಲ್ಲಿ 17 ಗ್ರಾಂ ಆವಿ ಇದೆಯೆನ್ನೋಣ. ಆಗ ಅದರ ಕೊರತೆ 5 ಗ್ರಾಂ. ಮಧ್ಯಾಹ್ನ ಅದೇ ಗಾಳಿ 38 ಡಿಗ್ರಿಗೆ ಕಾದಾಗ ಕೊರತೆ 29 ಗ್ರಾಂ. ಸುಮಾರು ಆರು ಮಡಿ. ಎಲೆಯಿಂದ ನೀರನ್ನು ಸೆಳೆಯುವ ಶಕ್ತಿ ಈ ಕೊರತೆಯೇ. ಬೇರು ಅಷ್ಟು ವೇಗವಾಗಿ ನೀರನ್ನು ಒದಗಿಸಲಾರದೆ ಹೋದರೆ ಎಲೆ ಏನು ಮಾಡುತ್ತದೆ? ಕಾಯಿಯಲ್ಲಿರುವ ನೀರನ್ನೇ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ನಿಂಬೆಕಾಯಿಯ ವ್ಯಾಸ ಕುಗ್ಗುವುದನ್ನೂ ರಾತ್ರಿ ಮತ್ತೆ ಹಿಗ್ಗುವುದನ್ನೂ ಕ್ಯಾಲಿಫೋರ್ನಿಯದಲ್ಲಿ 1920ರ ದಶಕದಲ್ಲಿಯೇ ಅಳೆದು ತೋರಿಸಿದ್ದಾರೆ. ದಿನವೂ ಹೀಗೆ ಸುಲಿಗೆಗೆ ಒಳಗಾದ ಎಳೆಯ ಕಾಯಿ ಬಹುಕಾಲ ತೊಟ್ಟಿಗೆ ಅಂಟಿಕೊಂಡಿರಲಾರದು.

2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿದುದು ಓದುಗರಿಗೆ ನೆನಪಿರಬಹುದು. ಮರುವರ್ಷದ ಬೇಸಗೆಯಲ್ಲಿ ನಮ್ಮ ಜಿಲ್ಲೆಯ ಅಡಿಕೆ ತೋಟಗಳಿಗೆ ಟ್ಯಾಂಕರಿನಿಂದ ನೀರು ಕೊಂಡುತಂದು ಹಾಯಿಸಿದವರುಂಟು. ಹನಿ ನೀರಾವರಿಯಲ್ಲಿ ಅಡಿಕೆಯ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರು ನೀರು ಬೇಕೆನ್ನುತ್ತಾರೆ. ಎಕರೆಗೆ 550 ಮರಗಳಾದರೆ ಸುಮಾರು ಹತ್ತು ಸಾವಿರ ಲೀಟರು. ಐದು ಸಾವಿರ ಲೀಟರಿನ ಟ್ಯಾಂಕರುಗಳು ದಿನಕ್ಕೆ ಎರಡು. ಇಷ್ಟು ಬೆಲೆಯ ನೀರು ಬರಿ ನೆಲದಿಂದ ಆವಿಯಾಗಿ ಹೋಗದಂತೆ ಬುಡಕ್ಕೆ ಸೋಗೆ, ಸಿಪ್ಪೆ, ಒಣ ಎಲೆಗಳ ಹೊದಿಕೆ ಹಾಸುವುದು ಎಷ್ಟು ಮುಖ್ಯವೆಂಬುದನ್ನು ಬೇರೆ ಹೇಳಬೇಕಿಲ್ಲ. ಬಾಯಾರಿದ ಮರಕ್ಕೆ ಹಾರ್ಮೋನು ಕೊಡುವುದು, ಹಸಿದವನಿಗೆ ಜೀರ್ಣಕ್ಕೆ ಔಷಧ ಕೊಟ್ಟಂತೆ.

ಗಾಳಿಯದು ಇನ್ನೊಂದು ಬಗೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆಂದು ವಿದ್ಯಾರ್ಥಿಗಳು ತರಗತಿಯಲ್ಲಿ ಓದುತ್ತಾರೆ. ಮುಂಗಾರಿನ ಮೊದಲ ಬಿರುಗಾಳಿಗೆ ಮಾವಿನ ಕಾಯಿ ಒಂದೇ ರಾತ್ರಿಯಲ್ಲಿ ನೆಲ ಮುಚ್ಚುವುದು ಈ ನಿಯಮದ ಫಲ. ಅದಕ್ಕೆ ಮದ್ದು ಬಾಟಲಿಯಲ್ಲಿಲ್ಲ, ತೋಟದ ಅಂಚಿನಲ್ಲಿ ಬೆಳೆಸಿದ ಮರಗಳ ಸಾಲಿನಲ್ಲಿದೆ. ಆ ಸಾಲು ಗೋಡೆಯಂತೆ ಮುಚ್ಚಿಕೊಂಡಿರಬಾರದು. ಗೋಡೆಯ ಹಿಂದೆ ಗಾಳಿ ಸುಳಿಯಾಗಿ ಕೆಳಕ್ಕೆ ಎರಗುತ್ತದೆ. ಅರ್ಧದಷ್ಟು ಸಂದಿಯಿರುವ ಗಾಳಿಮರದಂಥ ಸಾಲು ತನ್ನ ಎತ್ತರದ ಹತ್ತರಷ್ಟು ದೂರದವರೆಗೆ ಗಾಳಿಯ ಸೊಕ್ಕನ್ನು ಮುರಿಯುತ್ತದೆ.

ಉಳಿದ ಕಾಯಿಯ ಗುಣದ ವಿಷಯಕ್ಕೂ ಇದೇ ಮಾತು. ಭದ್ರಾ ನಾಲೆಯಲ್ಲಿ ನೀರು ಬಂದಾಗ ತೋಟ ಕೆರೆಯಾಗುವುದು, ನಿಂತಾಗ ನೆಲ ಬಿರಿಯುವುದು. ಈ ಏರಿಳಿತವನ್ನು ಕಾಯಿಯ ಸಿಪ್ಪೆ ತಾಳಲಾರದು. ಬರದಲ್ಲಿ ಸಿಪ್ಪೆ ಬಿಗಿದು ತನ್ನ ಹಿಗ್ಗುವ ಗುಣವನ್ನು ಕಳೆದುಕೊಂಡಿರುತ್ತದೆ. ಒಮ್ಮೆಗೇ ನೀರು ದೊರೆತಾಗ ಒಳಗಿನ ಕೋಶಗಳು ಉಬ್ಬುತ್ತವೆ, ಸಿಪ್ಪೆ ಸೀಳುತ್ತದೆ. ಅಡಿಕೆಯ ಕಾಯಿ ಒಡೆಯುವುದಕ್ಕೂ, ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ಬೆಳೆಯುವ ದಾಳಿಂಬೆ ಬಿರಿಯುವುದಕ್ಕೂ ಇದೊಂದು ದೊಡ್ಡ ಕಾರಣ. ಬೋರಾನಿನ ಕೊರತೆಯೂ ಇದಕ್ಕೆ ಸೇರುವುದುಂಟು. ಅಡಿಕೆಗೆ ಲೀಟರು ನೀರಿಗೆ 2 ಗ್ರಾಂ ಬೋರಾಕ್ಸ್ ಬೆರಸಿ ಸಿಂಪಡಿಸುವ ಸಲಹೆಯೂ ಉಂಟು. ಆದರೆ ಕೊರತೆ ಬೋರಾನಿನದೋ, ಬಸಿಗಾಲುವೆಯದೋ ಎಂದು ಮಣ್ಣು ಪರೀಕ್ಷೆ ಮಾಡಿಸಿ ತಿಳಿದ ಬಳಿಕವಲ್ಲವೆ ಕೊಳ್ಳುವುದು? ಇನ್ನೊಂದು ಮಾತು. ಕಾಯಿ ಕಡಮೆಯಾದರೆ ಉಳಿದ ಪ್ರತಿಯೊಂದರ ಪಾಲಿಗೂ ಸಕ್ಕರೆ ಹೆಚ್ಚು ದೊರೆಯುತ್ತದೆ. ಸೇಬಿನ ಬೆಳೆಗಾರರು ಕೈಯಾರೆ ಮಿಡಿ ಕಿತ್ತು ಹಾಕುವುದು ಇದಕ್ಕಾಗಿಯೇ. ಆದುದರಿಂದ ಉದುರೇ ಇಲ್ಲದ ತೋಟ ಒಳ್ಳೆಯ ಹಣ್ಣಿನ ತೋಟವಾಗಬೇಕೆಂದಿಲ್ಲ.

ಈ ಮಾತಿಗೆ ಆಕ್ಷೇಪಗಳು ಬರುವುದು ಸಹಜ. “ಕಣ್ಣೆದುರಿಗೆ ಫಸಲು ನೆಲ ಸೇರುತ್ತಿರುವಾಗ ರೈತ ಎಣಿಸುತ್ತ ಕೂರಬೇಕೆ? ಬಾಟಲಿಗೆ ಕೆಲವು ನೂರು ರೂಪಾಯಿ, ಫಸಲಿಗೆ ಲಕ್ಷ. ಹೊಡೆದರೆ ನಷ್ಟವೇನು?” ಎಂದು ಕೇಳುವರು. ಮಾತಿನಲ್ಲಿ ಸತ್ಯವಿದೆ, ಸಾಲ ಮಾಡಿದವನ ಗಾಬರಿಯನ್ನು ಸಂಬಳದವನು ಹಗುರವಾಗಿ ಕಾಣಬಾರದು. ಆದರೆ ನಷ್ಟ ಬಾಟಲಿಯ ಬೆಲೆ ಮಾತ್ರವಲ್ಲ. ನಿಜವಾದ ಕಾರಣ ತಿಗಣೆಯಾಗಿದ್ದರೆ ಅದು ಆ ಹದಿನೈದು ದಿನವೂ ಹೀರುತ್ತಿರುತ್ತದೆ. ನೀರಾಗಿದ್ದರೆ ಬೇರು ಒಣಗುತ್ತಿರುತ್ತದೆ. ಮುಂದಿನ ವರ್ಷ ಅದೇ ತಪ್ಪು ಅನುಭವವೆಂಬ ಹೆಸರಿನಲ್ಲಿ ಮತ್ತೆ ಬರುತ್ತದೆ. ಇನ್ನು ಎಣಿಸುವ ಕೆಲಸವನ್ನು ರೈತನೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅವನ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದಾರೆ. ಈ ಲೇಖನ ಅವರಿಗಾಗಿ.

ವಿದ್ಯಾರ್ಥಿಮಿತ್ರರೆ, ಮಾಡತಕ್ಕದ್ದು ಇಷ್ಟು. ತೋಟದಲ್ಲಿ ಒಂದೇ ವಯಸ್ಸಿನ ಎಂಟು ಮರಗಳನ್ನು ಗುರುತುಮಾಡಿ. ಬುಡದಲ್ಲಿ ಗೋಣಿತಟ್ಟು ಹಾಸಿ ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ಬಿದ್ದುದನ್ನು ಆರಿಸಿ ನಾಲ್ಕು ಗುಡ್ಡೆ ಮಾಡಿ. ಕಲೆಯಿಲ್ಲದೆ ತೊಟ್ಟು ನಯವಾಗಿ ಕಳಚಿದ್ದು ಒಂದು. ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಯೋ ಹುಳುವೋ ಇರುವುದು ಎರಡು. ಕೊಳೆತು ಬೂಷ್ಟು ಹಿಡಿದದ್ದು ಮೂರು. ತೊಟ್ಟು ಹರಿದು ಕಡ್ಡಿ ಸಮೇತ ಬಿದ್ದದ್ದು ನಾಲ್ಕು. ಅಂದಿನ ಉಷ್ಣತೆ, ಗಾಳಿ, ನೀರು ಹಾಯಿಸಿದ ದಿನ ಇವನ್ನು ಪಕ್ಕದಲ್ಲಿ ಬರೆಯಿರಿ. ನಿಂಬೆಯಂಥ ಕಾಯೊಂದರ ಮೇಲೆ ಶಾಯಿಯ ಗುರುತಿಟ್ಟು, ಬೆಳಗ್ಗೆ ಆರಕ್ಕೂ ಮಧ್ಯಾಹ್ನ ಎರಡಕ್ಕೂ ಅದರ ವ್ಯಾಸವನ್ನು ಸ್ಕ್ರೂಗೇಜಿನಿಂದ ಅಳೆಯಿರಿ. ನಮ್ಮ ಪ್ರಯೋಗಶಾಲೆಗಳ ಸ್ಕ್ರೂಗೇಜು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಅಳೆಯುತ್ತದೆ. ವರ್ಷವೆಲ್ಲ ಅದೇ ತಂತಿಯ ದಪ್ಪವನ್ನು ಅಳೆದು ಅದಕ್ಕೂ ಬೇಸರವಾಗಿರಬೇಕು. ಮದ್ದು ಹೊಡೆಯುವುದೇ ಆದರೆ ನಾಲ್ಕು ಮರಗಳಿಗೆ ಮಾತ್ರ ಹೊಡೆಯಿಸಿ, ಉಳಿದ ನಾಲ್ಕನ್ನು ಬಿಡಿರಿ. ಯಾವುದಕ್ಕೆ ಹೊಡೆಯಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಚೆನ್ನಾಗಿರುವ ಮರವನ್ನೇ ಆರಿಸುವ ಆಸೆ ನಮಗೆಲ್ಲ ಇರುತ್ತದೆ.

ನಲವತ್ತು ದಿನಗಳ ಈ ಪುಸ್ತಕವನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಮುಂದಿಟ್ಟು ನೋಡಿ. ಬರಿಗೈಯಲ್ಲಿ ಹೋಗಿ “ಕಾಯಿ ಉದುರುತ್ತಿದೆ” ಎನ್ನುವವನಿಗಿಂತ, “ನೂರರಲ್ಲಿ ಇಷ್ಟು ಚುಕ್ಕೆಯವು, ಇಷ್ಟು ನಯವಾಗಿ ಕಳಚಿದವು” ಎನ್ನುವವನಿಗೆ ನಿಖರವಾದ ಉತ್ತರ ದೊರೆಯುತ್ತದೆ. ಇದು ಸಂಶೋಧನೆಯೇ ಎಂದು ಯಾರಾದರೂ ನಕ್ಕರೆ ನಗಲಿ. ಪ್ರಶ್ನೆ, ಅಳತೆ, ಹೋಲಿಕೆ ಈ ಮೂರೂ ಇರುವಲ್ಲಿ ವಿಜ್ಞಾನವಿದೆ. ಇವಿಲ್ಲದ ಕಡೆ ಬೆಲೆಬಾಳುವ ಉಪಕರಣಗಳಿದ್ದರೂ ಅದು ಇಲ್ಲ.

ಅಂದು ಹರಿಹರದ ನಿಲ್ದಾಣದಲ್ಲಿ ಇಳಿಯುವಾಗ ಆ ಹಿರಿಯರು ಬಾಟಲಿಯನ್ನು ಚೀಲಕ್ಕೆ ಸೇರಿಸುತ್ತ, “ಹಂಗಾದ್ರೆ ಹೊಡೀಬೇಡಂತೀರೇನು ಮೇಷ್ಟ್ರೆ?” ಎಂದು ಕೇಳಿದರು. “ಹೊಡೆಯಿರಿ ಯಜಮಾನರೆ, ಆದರೆ ನಾಲ್ಕು ಮರ ಬಿಡಿರಿ, ಎಣಿಸುವುದಕ್ಕೆ ನಿಮ್ಮ ಮಗನಿದ್ದಾನೆ” ಎಂದೆ. ಅವರು ಸ್ವಲ್ಪ ಯೋಚಿಸಿ, ಟವೆಲಿನ ಗಂಟನ್ನು ನನ್ನ ಕೈಗಿತ್ತರು. ಮನೆಗೆ ಬಂದು ಬಿಚ್ಚಿ ನೋಡಿದೆ. ಮೂವತ್ತೊಂದು ಹರಳುಗಳಿದ್ದುವು, ಹನ್ನೆರಡರ ಮೇಲೆ ಚುಕ್ಕೆಯಿತ್ತು. ಮೂವತ್ತೊಂದರಿಂದ ತೀರ್ಮಾನಕ್ಕೆ ಬರಲಾಗದು, ನಿಜ. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದು ಆ ಗಂಟಿನಲ್ಲಿಯೇ ಇತ್ತು. ಅದನ್ನು ಅಂಗಡಿಯಲ್ಲಿ ಬಿಚ್ಚಿದವರಿರಲಿಲ್ಲ, ಅಷ್ಟೆ.